ವಾಯುವಿನಲ್ಲಿಯ ಸೂಕ್ಷ್ಮ ಕಣಗಳೂ ಕಬ್ಬಿನ ರವದಿಯ ಹೊಗೆಯೂ

ಕಬ್ಬು ಕಟಾವಾದ ಹೊಲದಲ್ಲಿ ರವದಿಗೆ ಬೆಂಕಿ ಇಡುವ ರೂಢಿಯು ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಒಕ್ಕಲಿಗರಿಗೆಲ್ಲ ತಿಳಿದದ್ದೇ ಆಗಿದೆ. ಹೊಗೆಯು ಕಣ್ಣಿಗೆ ಮರೆಯಾದೊಡನೆ ಅದರ ಕೆಲಸವೂ ತೀರಿತೆಂದು ಭಾವಿಸುವುದು ಸಹಜ. ವಸ್ತುಸ್ಥಿತಿಯು ಹಾಗಿಲ್ಲ. ಹೊಗೆಯೊಳಗಿನ ಅತಿ ಸಣ್ಣ ಕಣಗಳು ದಿನಗಟ್ಟಲೆ ವಾಯುವಿನಲ್ಲಿ ತೇಲುತ್ತಿದ್ದು, ಉಸಿರು, ಬಿಸಿಲು, ಮೋಡ ಈ ಮೂರರ ಮೇಲೂ ಪರಿಣಾಮವನ್ನುಂಟುಮಾಡುವವು. ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಅರಿತಿರುವುದು ಅವಶ್ಯವಾಗಿದೆ.

ಕಣಗಳೆಂದರೇನು?

ವಾಯುವಿನಲ್ಲಿ ತೇಲುವ ಘನ ಅಥವಾ ದ್ರವರೂಪದ ಸೂಕ್ಷ್ಮ ಕಣಗಳಿಗೆ ಶಾಸ್ತ್ರಜ್ಞರು ಏರೋಸಾಲ್ ಎಂದು ಹೆಸರಿಟ್ಟಿದ್ದಾರೆ. ಇವುಗಳ ಅಳತೆಗೆ ಮೈಕ್ರೋಮೀಟರ್ ಎಂಬ ಮಾನವಿದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರೋಮೀಟರ್. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು 50ರಿಂದ 70 ಮೈಕ್ರೋಮೀಟರ್ ಇರುತ್ತದೆ. ಹೊಗೆಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರೋಮೀಟರಿಗಿಂತಲೂ ಸಣ್ಣವು.

ಹತ್ತರಗಿಯಂಥ ಊರಿನಲ್ಲಿ ಈ ಕಣಗಳು ಬರುವ ಮಾರ್ಗಗಳು ಹಲವು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವ ಲಾರಿಗಳ ಡೀಸೆಲ್ ಹೊಗೆ, ರಸ್ತೆಯ ಧೂಳು, ಬೇಸಿಗೆಯ ಗಾಳಿಗೆ ಏಳುವ ಹೊಲದ ಮಣ್ಣು, ಬೆಲ್ಲದ ಗಾಣದ ಒಲೆ, ಅಡಿಗೆಯ ಒಲೆ, ರವದಿಯ ಬೆಂಕಿ ಇವೆಲ್ಲವೂ ಅದಕ್ಕೆ ಕಾರಣಗಳು. ಮುಂಗಾರಿನ ಪಡುವಣ ಗಾಳಿಯು ಸಮುದ್ರದ ಉಪ್ಪಿನ ಕಣಗಳನ್ನೂ ಹೊತ್ತು ತರುವುದು. ದಪ್ಪ ಧೂಳು ಕೆಲವು ತಾಸುಗಳಲ್ಲಿ ನೆಲಕ್ಕೆ ಬೀಳುವುದು. ಸೂಕ್ಷ್ಮ ಕಣಗಳಾದರೋ ಮಳೆಯಿಂದ ತೊಳೆದುಹೋಗುವವರೆಗೆ ಸುಮಾರು ಒಂದು ವಾರ ತೇಲಾಡಬಲ್ಲವು.

ಅಳೆಯುವ ಬಗೆ

ಮೊದಲೇ ತೂಗಿದ ಶೋಧಕ ಕಾಗದದ ಮೂಲಕ 24 ತಾಸು ಗಾಳಿಯನ್ನೆಳೆದು, ಆ ಕಾಗದವನ್ನು ಮರಳಿ ತೂಗಿದರೆ, ಹೆಚ್ಚಾದ ತೂಕವೇ ಕಣಗಳ ತೂಕವಾಗುವುದು. ಬಿಸಿಲು ಎಷ್ಟು ಕುಂದಿತೆಂಬುದರ ಮೇಲಿಂದಲೂ, ಕೃತಕ ಉಪಗ್ರಹಗಳಿಂದಲೂ ಲೆಕ್ಕ ಹಾಕುವುದುಂಟು. ಭಾರತ ಸರಕಾರವು 2009ರಲ್ಲಿ ಗೊತ್ತುಪಡಿಸಿದ ಮಾನದ ಪ್ರಕಾರ, 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಕೂಡದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿಯು ಕೇವಲ 15. ಇಷ್ಟು ಸಣ್ಣ ಕಣಗಳು ಮೂಗಿನಲ್ಲಿ ತಡೆಯಲ್ಪಡದೆ ಪುಪ್ಪುಸದ ಆಳಕ್ಕೆ ಇಳಿದು, ಉಸಿರಾಟದ ಮತ್ತು ಹೃದಯದ ರೋಗಗಳನ್ನು ಹೆಚ್ಚಿಸುವವು. ಮಕ್ಕಳಿಗೂ ಮುದುಕರಿಗೂ ಅಪಾಯವು ವಿಶೇಷ.

ಬಿಸಿಲು ಮತ್ತು ಮಳೆಯ ಮೇಲೆ ಪರಿಣಾಮ

ಕಣಗಳೆಲ್ಲವೂ ಒಂದೇ ಗುಣದವಲ್ಲ. ಗಂಧಕದಿಂದಾದ ಬಿಳಿಯ ಕಣಗಳು ಬಿಸಿಲನ್ನು ಹಿಂದಕ್ಕೆ ಚದರಿಸಿ ಭೂಮಿಯನ್ನು ತಂಪಾಗಿಸುವವು. 1991ರ ಜೂನ್ ತಿಂಗಳಲ್ಲಿ ಫಿಲಿಪೈನ್ಸ್ ದೇಶದ ಪಿನಟೂಬೊ ಅಗ್ನಿಪರ್ವತವು ಸಿಡಿದಾಗ, ಮುಂದಿನ ವರ್ಷ ಭೂಮಿಯ ಸರಾಸರಿ ಉಷ್ಣತೆಯು ಸುಮಾರು ಅರ್ಧ ಡಿಗ್ರಿಯಷ್ಟು ಇಳಿದಿತ್ತು. ಹೊಗೆಯ ಕರಿಯ ಮಸಿಯಾದರೋ ಬಿಸಿಲನ್ನು ಹೀರಿ ಸುತ್ತಲಿನ ವಾಯುವನ್ನು ಕಾಯಿಸುವುದು. 1999ರ ಜನವರಿಯಿಂದ ಮಾರ್ಚಿನವರೆಗೆ ಭಾರತ, ಯುರೋಪ, ಅಮೆರಿಕಗಳ ಶಾಸ್ತ್ರಜ್ಞರು ಹಿಂದೂ ಮಹಾಸಾಗರದ ಮೇಲೆ ನಡೆಯಿಸಿದ ಶೋಧನೆಯಲ್ಲಿ, ಚಳಿಗಾಲದ ಗಾಳಿಯು ನೆಲದ ಮೇಲಿನ ಹೊಗೆಯನ್ನು ಕಡಲಿನ ಮೇಲೆ ಬಹುದೂರ ಹರಡಿದ್ದು ಕಂಡುಬಂದಿತು. ಕಬ್ಬಿನ ಕಟಾವಿನ ಹಂಗಾಮೂ ಅದೇ ಕಾಲದ್ದೆಂಬುದನ್ನು ಗಮನಿಸತಕ್ಕದ್ದು.

ಮಳೆಗೂ ಕಣಗಳಿಗೂ ಹತ್ತಿರದ ಸಂಬಂಧವಿದೆ. ಮೋಡದ ಹನಿ ಕಟ್ಟಲು ಒಂದು ಕಣವು ಆಧಾರವಾಗಿ ಬೇಕೆಂಬುದನ್ನು 1880ರ ಸುಮಾರಿಗೆ ಸ್ಕಾಟ್ಲಂಡಿನ ಜಾನ್ ಐಟ್ಕೆನ್ ಎಂಬವರು ಪ್ರಯೋಗದಿಂದ ತೋರಿಸಿದರು. ಆದರೆ ಕಣಗಳು ಅತಿಯಾದರೆ ಇದ್ದ ನೀರು ಅಸಂಖ್ಯ ಹನಿಗಳಿಗೆ ಹಂಚಿಹೋಗಿ, ಹನಿಗಳು ಸಣ್ಣವಾಗಿಯೇ ಉಳಿದು, ಮಳೆಯಾಗಿ ಬೀಳಲು ತಡವಾಗುವುದುಂಟು. ಎತ್ತರವಾದ ಮೋಡಗಳಲ್ಲಿ ಪರಿಣಾಮವು ಬೇರೆಯಾಗಿಯೂ ಇರಬಹುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು 2009ರಿಂದ ವಿಮಾನಗಳ ಮೂಲಕ ಇದನ್ನೇ ಅಭ್ಯಸಿಸಿದೆ. ಆದುದರಿಂದ ಒಂದು ಊರಿನ ಹೊಗೆಯಿಂದಲೇ ಆ ಊರಿನ ಮಳೆ ತಪ್ಪಿತೆಂದು ಹೇಳುವುದು ಸರಿಯಲ್ಲ. ಹೊಗೆಯು ನಿರುಪದ್ರವಿಯೆಂಬುದೂ ಸರಿಯಲ್ಲ.

ಸಾಯಂಕಾಲದ ಬೆಂಕಿ ಏಕೆ ಕೆಟ್ಟದ್ದು?

ಚಳಿಗಾಲದ ರಾತ್ರಿ ನೆಲವು ಬೇಗನೆ ತಣಿದು, ತಂಪು ಗಾಳಿಯು ಕೆಳಗೂ ಬೆಚ್ಚನೆಯ ಗಾಳಿಯು ಮೇಲೂ ನಿಲ್ಲುವುದು. ಆಗ ಹೊಗೆಯು ಮೇಲಕ್ಕೇರಲಾರದೆ ಮುಚ್ಚಳವಿಟ್ಟ ಗಡಿಗೆಯೊಳಗಿನಂತೆ ಊರಿನ ಮೇಲೆಯೇ ಹಾಸಿಕೊಳ್ಳುವುದು. ಹೆದ್ದಾರಿಯ ಮಗ್ಗುಲಲ್ಲಿ ಈ ಹೊಗೆಯು ವಾಹನ ನಡೆಯಿಸುವವರ ಕಣ್ಣು ಕಟ್ಟಿ ಪ್ರಾಣಕ್ಕೇ ಎರವಾಗಬಲ್ಲದು. ಬೆಂಕಿಯು ಬದುವನ್ನು ದಾಟಿ ನೆರೆಯವನ ನಿಂತ ಬೆಳೆಯನ್ನು ಸುಡುವ ಭಯವೂ ಉಂಟು.

ರವದಿಯ ಸದುಪಯೋಗ

ಎಕರೆಗೆ ಸುಮಾರು 3ರಿಂದ 4 ಟನ್ನು ರವದಿ ದೊರೆಯುವುದು. ಟನ್ನಿಗೆ ಸುಮಾರು 4ರಿಂದ 5 ಕಿಲೋಗ್ರಾಂ ಸಾರಜನಕವಿರುವುದರಿಂದ, ಬೆಂಕಿ ಇಟ್ಟವನು ಎಕರೆಗೆ 12ರಿಂದ 20 ಕಿಲೋಗ್ರಾಂ ಸಾರಜನಕದ ಬಹುಭಾಗವನ್ನು ಗಾಳಿಗೆ ತೂರಿದಂತಾಯಿತು. ಬೂದಿಯಲ್ಲಿ ಪೊಟ್ಯಾಶ್ ಉಳಿದರೂ ಮಣ್ಣಿಗೆ ಜೀವ ಕೊಡುವ ಸಾವಯವ ಅಂಶವು ಉಳಿಯದು.

ಕೂಲಿಯಾಳು ಸಿಗುವುದಿಲ್ಲ, ರವದಿಯು ನೀರಿನ ಹರಿವಿಗೂ ಕುಳೆ ಬೆಳೆಯ ಕೆಲಸಕ್ಕೂ ಅಡ್ಡಿಯಾಗುತ್ತದೆ ಎಂಬ ಒಕ್ಕಲಿಗರ ಮಾತು ನಿಜವೇ. ಅದಕ್ಕೆ ಉಪಾಯವು ಹೀಗಿದೆ:

1. ಕಬ್ಬಿನ ಬುಡಗಳನ್ನು ನೆಲಮಟ್ಟಕ್ಕೆ ಸವರಿ, ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹಾಸಬೇಕು. ತೆರೆದ ಸಾಲಿನಲ್ಲಿ ನೀರು ಹಾಯಿಸಬೇಕು.

2. ಟನ್ನು ರವದಿಗೆ 8 ಕಿಲೋಗ್ರಾಂ ಯೂರಿಯಾ, 10 ಕಿಲೋಗ್ರಾಂ ಸೂಪರ್ ಫಾಸ್ಫೇಟ್, 1 ಕಿಲೋಗ್ರಾಂ ಕೊಳೆಯಿಸುವ ಜೀವಾಣು ಗೊಬ್ಬರವನ್ನು ಹರಡಿ ತೇವವಿಡಬೇಕು. ಯೂರಿಯಾ ಇಲ್ಲದಿದ್ದರೆ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಬಳಸಿ, ಬೆಳೆಯು ಕೆಲಕಾಲ ಹಳದಿಯಾದೀತು.

3. ರವದಿ ಕತ್ತರಿಸುವ ಯಂತ್ರವು ಒಬ್ಬೊಬ್ಬರಿಗೆ ಭಾರವಾದರೆ, ನಾಲ್ಕಾರು ಜನ ಕೂಡಿ ಬಾಡಿಗೆಗೆ ತರಿಸಬೇಕು.

4. ನೀರು ನಿಲ್ಲುವ ಜವಳು ಭೂಮಿಯಲ್ಲಿ ಹಾಸದೆ, ಹೊಲದ ಮೂಲೆಯ ತಿಪ್ಪೆಯಲ್ಲಿ ಕೊಳೆಯಿಸಬೇಕು.

ಹಾಸಿದ ರವದಿಯು ಕಸವನ್ನು ಅಡಗಿಸಿ, ಬೇಸಿಗೆಯಲ್ಲಿ ತೇವವನ್ನು ಕಾಪಾಡುವುದು. ಕಾಲುವೆಯ ನೀರು ತಡವಾದ ವರ್ಷದಲ್ಲಿ ಈ ಲಾಭದ ಬೆಲೆಯು ಚೆನ್ನಾಗಿ ತಿಳಿಯುವುದು.

ಒಬ್ಬನ ಹೊಲದ ಹೊಗೆಗೆ ಬದುವೂ ಇಲ್ಲ, ಸರಹದ್ದೂ ಇಲ್ಲ. ಆದಕಾರಣ ಈ ಕಾರ್ಯವು ಒಬ್ಬನಿಂದ ಪೂರ್ಣವಾಗತಕ್ಕದ್ದಲ್ಲ. ಬರುವ ಹಂಗಾಮಿನ ಮೊದಲೇ ಮುಖಂಡರು ಊರವರನ್ನು ಕೂಡಿಸಿ, ಯಂತ್ರದ ಸರದಿಯನ್ನು ಗೊತ್ತುಮಾಡಿ, ತಾವೇ ಒಂದೆರಡು ಎಕರೆಯಲ್ಲಿ ರವದಿಯನ್ನು ಹಾಸಿ ತೋರಿಸಿದರೆ, ಉಳಿದವರು ಕುಳೆ ಬೆಳೆಯನ್ನು ಕಣ್ಣಾರೆ ಕಂಡು ಅನುಸರಿಸುವರು.