ಬ್ಲೋವರನ್ನು ಬಯ್ಯುವ ಮೊದಲು ಲೈನು ನೋಡಿ

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ಗೋದಾಮಿನವರದು ಒಂದೇ ದೂರು: "ನಿಮ್ಮ ಬ್ಲೋವರಿಗೆ ದಮ್ಮೇ ಇಲ್ಲ ಕಣ್ರೀ." ಹೋಗಿ ನೋಡಿದರೆ ಸಾಮಾನ್ಯವಾಗಿ ಬ್ಲೋವರ್ ಗಟ್ಟಿಯಾಗೇ ಇರುತ್ತದೆ. ಎಡವಟ್ಟಾಗಿರುವುದು ಪೈಪಿನಲ್ಲಿ.

1. ಪೈಪು ದಪ್ಪವಾದಷ್ಟೂ ಕಾಳು ಜಾಸ್ತಿ ಹೋಗುತ್ತದೆ ಅನ್ನುವುದು ನೀರಿನ ಲೆಕ್ಕ. ಕಾಳು ಗಾಳಿಯಲ್ಲಿ ತೇಲಿಕೊಂಡು ಹೋಗಲು ಸೆಕೆಂಡಿಗೆ ಸುಮಾರು 20ರಿಂದ 25 ಮೀಟರ್ ವೇಗ ಬೇಕು. 4 ಇಂಚಿನಲ್ಲಿ 25 ಮೀಟರ್ ಓಡುತ್ತಿದ್ದ ಗಾಳಿ, ಅದೇ ಬ್ಲೋವರಿಗೆ 5 ಇಂಚಿನ ಪೈಪು ಕೂರಿಸಿದರೆ 16ಕ್ಕೆ ಇಳಿಯುತ್ತದೆ. ಕಾಳು ತಳ ಹಿಡಿದು ಲೈನು ಕಟ್ಟುತ್ತದೆ. ಹಾಗಂತ ಸಣ್ಣ ಪೈಪು ಹಾಕಿ ವೇಗ ಏರಿಸಿದರೆ ಇನ್ನೊಂದು ತುದಿಯಲ್ಲಿ ನುಚ್ಚು ಬೀಳುತ್ತದೆ. ಖರೀದಿದಾರ ಮುಷ್ಟಿಗೆ ಎತ್ತಿ ನೋಡಿದ ಕೂಡಲೇ ರೇಟು ಇಳಿಸುತ್ತಾನೆ. ತೀರಾ ಉದ್ದದ ಲೈನಾದರೆ ಕೊನೆಯ ಭಾಗಕ್ಕೆ ಒಂದು ಸೈಜು ದೊಡ್ಡದು ಹಾಕುವುದು ಸರಿ. ಅಲ್ಲಿ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುವುದರಿಂದ ವೇಗ ತಾನಾಗಿಯೇ ಏರಿರುತ್ತದೆ.

2. ಬೆಂಡು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಪ್ಲಂಬಿಂಗ್ ಅಂಗಡಿಯ ಮೊಣಕೈ ಬೆಂಡು ಬೇಡವೇ ಬೇಡ. ಉದ್ದ ತಿರುವಿನದು ಹಾಕಿ. ಹಾಪರಿನ ಕಾಳನ್ನು ಲೈನಿಗೆ ಬಿಡುವ ಏರ್‌ಲಾಕಿನಿಂದ ಹೊರಬಿದ್ದ ಕಾಳಿಗೆ ವೇಗ ಹಿಡಿಯಲು ಒಂದಷ್ಟು ನೇರ ಪೈಪು ಬೇಕು, ಬಾಯಲ್ಲೇ ಬೆಂಡು ಇಟ್ಟರೆ ಮೊದಲ ದಿನವೇ ಜಾಮ್. ಒಂದು ಬೆಂಡಿನ ಬೆನ್ನಿಗೇ ಇನ್ನೊಂದು ಇಟ್ಟರೂ ಇದೇ ಗತಿ. ಸವೆಯುವುದು ಯಾವಾಗಲೂ ತಿರುವಿನ ಹೊರಮೈ. ಅಲ್ಲಿ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತಗಡು ಕಾಗದದಷ್ಟಾಗಿರಬಹುದು. ವರ್ಷಕ್ಕೊಮ್ಮೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ.

3. ಪೈಪು ಅಡ್ಡ ಹೋಗಲಿ, ಇಲ್ಲವೇ ನೆಟ್ಟಗೆ ಮೇಲೇರಲಿ. ಪೈಪು ಉಳಿಸಲೆಂದು ಓರೆಯಾಗಿ ಎಳೆದರೆ ಕಾಳು ಹಿಂದಕ್ಕೆ ಜಾರಿ ಕೆಳಗೆ ಗುಪ್ಪೆ ಬೀಳುತ್ತದೆ.

4. ಹೋಸು ಬೇಕಾದಷ್ಟೇ ಇರಲಿ. ಒಂದೇ ಉದ್ದದ ಕಬ್ಬಿಣದ ಪೈಪಿಗಿಂತ ಹೋಸು ಹೆಚ್ಚು ಒತ್ತಡ ತಿನ್ನುತ್ತದೆ. ಒಳಮೈ ನುಣುಪಾಗಿರಲಿ, ನಡುವೆ ಜೋತು ಬೀಳದಂತೆ ಆಸರೆ ಕೊಡಿ, ಉಳಿದದ್ದನ್ನು ಸುರುಳಿ ಸುತ್ತಿ ಲೈನಿನಲ್ಲೇ ಬಿಡಬೇಡಿ. ಒಳಗಿನ ತಂತಿಯನ್ನು ಎರಡೂ ತುದಿಯಲ್ಲಿ ಬಿಡಿಸಿ ಪೈಪಿನ ಲೋಹಕ್ಕೆ ತಾಗಿಸಿ, ಪೈಪಿಗೆ ಅರ್ಥಿಂಗ್ ಕೊಡಿ. ಕಾಳು ಉಜ್ಜಿ ಹುಟ್ಟುವ ಸ್ಥಿರವಿದ್ಯುತ್ತು ಕೈಗೆ ಜುಮ್ ಅನ್ನಿಸಿದರೆ ಅದು ಸಣ್ಣ ವಿಷಯ, ಧೂಳು ತುಂಬಿದ ಜಾಗದಲ್ಲಿ ಕಿಡಿ ಹಾರಿದರೆ ಅಲ್ಲ. ಪಿವಿಸಿ ಪೈಪು ಅಗ್ಗವೆಂದು ಹಾಕಿಸಿಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ.

5. ಫ್ಲಾಂಜು ಬಿಚ್ಚಿದಾಗ ಒಳಗೆ ಬೆರಳಾಡಿಸಿ. ಗ್ಯಾಸ್ಕೆಟ್ ಒಂದು ನೂಲು ಒಳಕ್ಕೆ ಚಾಚಿದ್ದರೂ ಸಾಕು, ಹೊಟ್ಟು, ತೆನೆಯ ಕೂದಲು ಅಲ್ಲೇ ಸಿಕ್ಕಿಕೊಂಡು ಗಡ್ಡ ಬಿಟ್ಟಂತಿರುತ್ತದೆ. ಹೊರಗಿನ ಸೋರಿಕೆಗೆ ಸೋಪಿನ ನೀರು ಹಚ್ಚಿ ನೋಡಿ. ಆದರೆ ಇದು ಗಾಳಿ ತಳ್ಳುವ ಬದಿಗೆ ಮಾತ್ರ. ಎಳೆಯುವ ಬದಿಯಲ್ಲಿ ಗುಳ್ಳೆ ಏಳುವುದಿಲ್ಲ, ಕಿವಿಗೊಟ್ಟು ಸುಯ್ ಸದ್ದು ಹುಡುಕಬೇಕು. ಎಲ್ಲ ಬಿಗಿಯಿದ್ದೂ ಗಾಳಿ ಸಾಲದಿದ್ದರೆ ಏರ್‌ಲಾಕಿನ ರೆಕ್ಕೆ ಸವೆದು ಗಾಳಿ ಹಾಪರಿಗೆ ವಾಪಸು ಬರುತ್ತಿರಬಹುದು.

6. ಮೊದಲು ಬ್ಲೋವರ್, ಆಮೇಲೆ ಕಾಳು. ನಿಲ್ಲಿಸುವಾಗ ಮೊದಲು ಕಾಳು ಬಂದ್, ಲೈನು ಖಾಲಿಯಾದ ಮೇಲೆ ಬ್ಲೋವರ್. ಕರೆಂಟು ಹೋಗಿ ಲೈನು ಕಟ್ಟಿದರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಬಿಗಿಮಾಡಿ ತಳ್ಳಲು ಹೋಗಬೇಡಿ. ಹಾಗೆ ತಳ್ಳಿದರೆ ಕಾಳು ಇನ್ನೂ ಗಟ್ಟಿಯಾಗಿ ಕೂರುತ್ತದೆ, ಹೋಸು ಕಿತ್ತು ಬಂದು ಹಾವಿನಂತೆ ಹೊಡೆಯಬಹುದು. ಸ್ವಿಚ್ ತೆಗೆದು, ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೆ ಏರ್‌ಲಾಕಿನ ಹತ್ತಿರದ ಕ್ಲಾಂಪು ಬಿಚ್ಚಿ ಕೈಯಿಂದಲೇ ತೆಗೆಯಿರಿ.