ಸೀಟಿ ಜೇಬಿಗಿಟ್ಟ ಮೇಲೆ

ಕಾಲೇಜಿನಲ್ಲಿ ನಾನು 400 ಮೀಟರ್ ಓಡುತ್ತಿದ್ದೆ. ವಿಶ್ವವಿದ್ಯಾಲಯದ ಕೂಟದಲ್ಲಿ ಒಮ್ಮೆ ಮೂರನೆಯವನಾಗಿ ಬಂದದ್ದೇ ನನ್ನ ಸಾಧನೆಯ ತುತ್ತತುದಿ. ಬಿ.ಪಿ.ಎಡ್. ಮುಗಿಸಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದಾಗ, ಮಲೆನಾಡಿನ ಅಂಚಿನ ನಮ್ಮೂರಿನ ಅಂಧ ಮಕ್ಕಳ ವಸತಿ ಶಾಲೆಯವರು ಕರೆದು, ‘ಒಂದಾರು ತಿಂಗಳು ಪಿ.ಟಿ. ಪಾಠ ಮಾಡ್ತೀರಾ?’ ಎಂದು ಕೇಳಿದರು. ಆ ಆರು ತಿಂಗಳು ಇನ್ನೂ ಮುಗಿದಿಲ್ಲ. ಹದಿನಾಲ್ಕು ವರ್ಷವಾಯಿತು.

ಈಚೆಗೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ತರುಣನೊಬ್ಬ ಫೋನ್ ಮಾಡಿ ‘ಟಿಪ್ಸ್ ಕೊಡಿ ಸಾರ್’ ಅಂದ. ಟಿಪ್ಸ್ ಕೊಡುವಷ್ಟು ನನಗೆ ಗೊತ್ತಿಲ್ಲ, ಮಾಡಿದ ತಪ್ಪುಗಳನ್ನು ಬೇಕಾದರೆ ಬರೆದುಕೊಡುತ್ತೇನೆ ಅಂದೆ. ಬರೆಯಲು ಕೂತಾಗ ಪಟ್ಟಿ ನಾನೆಣಿಸಿದ್ದಕ್ಕಿಂತ ಉದ್ದವಾಯಿತು. ಒಂಬತ್ತಕ್ಕೆ ನಿಲ್ಲಿಸಿದ್ದೇನೆ.

1. ‘ನೋಡು, ಹೀಗೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ

ಮೊದಲ ದಿನ ಕೊರಳಲ್ಲಿ ಸೀಟಿ, ಕೈಯಲ್ಲಿ ಹೊಸ ಬ್ಯಾಟು ಹಿಡಿದು ಮೈದಾನಕ್ಕಿಳಿದು, ‘ಎಲ್ಲರೂ ನನ್ನ ಕಡೆ ತಿರುಗಿ’ ಎಂದು ಗದರಿದೆ. ದೊಡ್ಡ ಹುಡುಗನೊಬ್ಬ ಬಹಳ ವಿನಯದಿಂದ ಕೇಳಿದ: ‘ನೀವು ಯಾವ ಕಡೆ ಇದ್ದೀರಿ ಸಾರ್?’ ನಾನು ಮಾತಾಡುತ್ತಲೇ ಅತ್ತಿಂದಿತ್ತ ಓಡಾಡುತ್ತಿದ್ದೆ.

ಹೀಗೆ, ಹಾಗೆ, ಅಲ್ಲಿ. ನನ್ನ ತರಬೇತಿಯೆಲ್ಲ ಈ ಮೂರು ಪದಗಳ ಮೇಲೆ ನಿಂತಿತ್ತು ಎಂದು ಆ ವಾರ ತಿಳಿಯಿತು. ಅವನ್ನು ಬಿಟ್ಟರೆ ನಾನು ಮೂಗ. ಗಡಿಯಾರದ ಲೆಕ್ಕದಲ್ಲಿ ದಿಕ್ಕು ಹೇಳಬೇಕೆಂದು ಎಲ್ಲೋ ಓದಿ, ‘ಚೆಂಡನ್ನು ಹತ್ತು ಗಂಟೆಯ ದಿಕ್ಕಿಗೆ ಹೊಡಿ’ ಎಂದೆ. ಹೊಸದಾಗಿ ಸೇರಿದ್ದ ಹುಡುಗ ‘ಬೆಳಗ್ಗೆ ಹತ್ತಾ, ರಾತ್ರಿ ಹತ್ತಾ ಸಾರ್?’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನು ತಮಾಷೆ ಮಾಡಿರಲಿಲ್ಲ. ಗಡಿಯಾರದ ಮುಖವನ್ನು ಅವನು ಅಲ್ಲಿಯವರೆಗೆ ಕೈಯಲ್ಲಿ ಮುಟ್ಟಿಯೇ ಇರಲಿಲ್ಲ.

ಅಂಧರ ಕ್ರಿಕೆಟ್‌ನಲ್ಲಿ ಚೆಂಡನ್ನು ತೋಳೆತ್ತಿ ಎಸೆಯುವಂತಿಲ್ಲ. ಕೆಳಗಿನಿಂದ ಬಿಡಬೇಕು, ಅದು ಪಿಚ್ಚಿನ ಅರ್ಧ ದಾಟುವುದರೊಳಗೆ ನೆಲ ಮುಟ್ಟಬೇಕು. ಹಾಗಾಗಿ ಬ್ಯಾಟು ಹಿಡಿದವರಿಗೆ ಸ್ವೀಪೇ ಮುಖ್ಯ ಹೊಡೆತ. ಮುಂಗಾಲು ಎಲ್ಲಿ, ಮೊಣಕಾಲು ಎಲ್ಲಿ, ಬ್ಯಾಟು ನೆಲಕ್ಕೆ ಸಮಾನಾಂತರ ಎಂದೆಲ್ಲ ಎರಡು ವಾರ ಕೊರೆದೆ. ಒಬ್ಬರಿಗೂ ಹತ್ತಲಿಲ್ಲ. ಕೊನೆಗೆ ಸಾಗರದ ಕಡೆಯ ಹುಡುಗ ಬೇಸತ್ತು, ‘ಕುಡುಗೋಲಲ್ಲಿ ಹುಲ್ಲು ಕೊಯ್ಯೋ ಥರ ಅಂತ ಹೇಳಿ ಸಾರ್, ಮುಗೀತು’ ಅಂದ. ಮನೆಯಲ್ಲಿ ಹುಲ್ಲು ಕೊಯ್ದು ಗೊತ್ತಿದ್ದವರು ಹತ್ತು ನಿಮಿಷದಲ್ಲಿ ಕಲಿತರು. ಆ ಉಪಮೆಯನ್ನು ನನ್ನದೇ ಎಂಬಂತೆ ಅನೇಕ ಕಡೆ ಹೇಳಿಕೊಂಡು ಮೆರೆದಿದ್ದೇನೆ.

2. ಮುಟ್ಟುವ ಮೊದಲು ಕೇಳಬೇಕು

ಹುಲ್ಲು ಕೊಯ್ಯದವರಿಗೆ ಕೈ ಹಿಡಿದೇ ಕಲಿಸಬೇಕು. ನಾನು ಸೀದಾ ಹೋಗಿ ಮೊಣಕೈ ಹಿಡಿದು ತಿರುಗಿಸುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ಹೆಜ್ಜೆ ಹಿಂದೆ ಸರಿದು, ‘ಹೇಳಿ ಮುಟ್ಟಿ ಸಾರ್. ಯಾರದೋ ಕೈ ಸುಮ್ನೆ ಬಂದು ಹಿಡ್ಕೊಂಡ್ರೆ ಜೀವ ಹೋದಂಗಾಗುತ್ತೆ’ ಅಂದಳು. ಆವತ್ತು ರಾತ್ರಿ ಊಟ ಸೇರಲಿಲ್ಲ. ಈಗ ನಾನು ನಿಂತು ಆಡುತ್ತೇನೆ, ಅವರು ನನ್ನ ಹೆಗಲು, ಮಣಿಕಟ್ಟಿನ ಮೇಲೆ ಕೈಯಿಟ್ಟು ತಿಳಿದುಕೊಳ್ಳುತ್ತಾರೆ. ಹುಡುಗಿಯರಿಗೆ ಹಿರಿಯ ಹುಡುಗಿಯರೇ ಹೇಳಿಕೊಡುತ್ತಾರೆ, ನನಗಿಂತ ಚೆನ್ನಾಗಿ.

3. ನನ್ನ ಬಾಯಿ ಎದುರಾಳಿಗಳ ಹನ್ನೆರಡನೇ ಆಟಗಾರ

ನಮ್ಮ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಸಣ್ಣ ಬೇರಿಂಗ್ ಗುಂಡುಗಳಿರುತ್ತವೆ. ಬೌಲರ್ ‘ರೆಡಿ?’ ಅನ್ನುತ್ತಾನೆ, ಬ್ಯಾಟ್ಸ್‌ಮನ್ ‘ಯೆಸ್’ ಅಂದ ಮೇಲೆ ‘ಪ್ಲೇ’ ಎಂದು ಕೂಗುತ್ತ ಚೆಂಡು ಬಿಡುತ್ತಾನೆ. ಅಲ್ಲಿಂದ ಮುಂದೆ ಗಲಗಲ ಸದ್ದೇ ದಾರಿ. ವಿಕೆಟ್ ಕೀಪರ್ ಚಪ್ಪಾಳೆ ತಟ್ಟಿ ಬೌಲರಿಗೆ ನೇರ ತೋರಿಸುತ್ತಾನೆ. ಸ್ಟಂಪು ಲೋಹದ್ದು, ಚೆಂಡು ಬಡಿದರೆ ಠಣ್ಣೆನ್ನುತ್ತದೆ.

ಇದನ್ನೆಲ್ಲ ಪುಸ್ತಕದಲ್ಲಿ ಓದಿಯೂ ಮೊದಲ ಟೂರ್ನಿಯಲ್ಲಿ ಬೌಂಡರಿ ಗೆರೆಯ ಪಕ್ಕ ನಿಂತು ‘ಬಿಡಬೇಡ! ಹೊಡಿ! ಕಮಾನ್!’ ಎಂದು ಗಂಟಲು ಹರಿದುಕೊಂಡೆ. ಮೂರು ಓವರಿನಲ್ಲಿ ನಾಲ್ಕು ಠಣ್. ಆರಂಭಿಕ ಆಟಗಾರ ಬಂದು ಪಕ್ಕದಲ್ಲಿ ಕೂತು, ‘ನಿಮ್ಮ ದನಿ ಚೆನ್ನಾಗಿ ಕೇಳಿಸ್ತು ಸಾರ್. ಚೆಂಡಿಂದೇ ಕೇಳಿಸಲಿಲ್ಲ’ ಅಂದ. ಸೀಟಿ ಜೇಬಿಗೆ ಹೋದದ್ದು ಆ ದಿನ. ಪಿ.ಟಿ. ಮೇಷ್ಟ್ರ ಪಾಲಿಗೆ ಇದು ಪುರೋಹಿತರು ಜನಿವಾರ ತೆಗೆದಿಟ್ಟಷ್ಟೇ ಕಷ್ಟದ ಕೆಲಸ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು: ಜೂನ್ ಬಂದರೆ ನಮ್ಮಲ್ಲಿ ಮಳೆ. ತಗಡಿನ ಶೀಟಿನ ಹಾಲ್‌ನಲ್ಲಿ ಅಭ್ಯಾಸ ಮಾಡಿಸಲು ಹೋಗಿ ಎರಡು ವರ್ಷ ಹಾಳು ಮಾಡಿದೆ. ಶೀಟಿನ ಮೇಲೆ ಮಳೆ ಸುರಿಯುವಾಗ ಚೆಂಡಿನ ಸದ್ದು ಯಾರಿಗೂ ಕೇಳುವುದಿಲ್ಲ. ಈಗ ಮಳೆಗಾಲ ಬಸ್ಕಿ, ದಂಡ, ಹಗ್ಗ ಜಿಗಿತಕ್ಕೆ ಮೀಸಲು.

4. ಕುರುಡು ಎಂಬುದು ಒಂದೇ ಅಳತೆಯ ಅಂಗಿಯಲ್ಲ

ಈ ಆಟದಲ್ಲಿ ಬಿ1 ಎಂದರೆ ಪೂರ್ತಿ ಕಾಣದವರು. ತಂಡದಲ್ಲಿ ಕನಿಷ್ಠ ನಾಲ್ವರು ಇರಲೇಬೇಕು. ಅವರು ಹೊಡೆದ ರನ್ನು ಎರಡರಷ್ಟಾಗುತ್ತದೆ. ಒಂದು ಪುಟಿತದ ಮೇಲೆ ಅವರು ಹಿಡಿದರೂ ಕ್ಯಾಚೇ. ಬಿ2, ಬಿ3 ಅಲ್ಪಸ್ವಲ್ಪ ಕಾಣುವವರು. ನಿಯಮ ಬಾಯಿಪಾಠವಾಗಿತ್ತು. ಮನುಷ್ಯರು ಅರ್ಥವಾಗಿರಲಿಲ್ಲ.

ಬಿ3 ಹುಡುಗನೊಬ್ಬ ಬೆಳಗಿನ ಹೊತ್ತು ಹದ್ದಿನಂತೆ ಫೀಲ್ಡಿಂಗ್ ಮಾಡುತ್ತಿದ್ದ. ಸಂಜೆ ಆರಾಗುತ್ತಲೇ ಕಾಲಿನ ಪಕ್ಕದ ಚೆಂಡನ್ನೂ ಬಿಡುತ್ತಿದ್ದ. ಮೈಗಳ್ಳ ಎಂದುಕೊಂಡೆ. ಒಂದು ಸಂಜೆ ಎಲ್ಲರೆದುರು ‘ನಾಟಕ ಮಾಡ್ತೀಯೇನೋ?’ ಎಂದು ಕೂಗಾಡಿ ಮೂರು ಸುತ್ತು ಓಡಿಸಿದೆ. ಎರಡನೇ ಸುತ್ತಿಗೆ ಕಲ್ಲುಬೆಂಚಿಗೆ ಎಡವಿ ಮೊಣಕಾಲು ಒಡೆದುಕೊಂಡ. ಅವನಿಗಿದ್ದದ್ದು ಇರುಳುಗುರುಡು, ಜೊತೆಗೆ ನಡುವೆ ಮಾತ್ರ ಕಾಣುವ ಕೊಳವೆಯಂಥ ದೃಷ್ಟಿ. ನೋಟದ ಹರವು 20 ಡಿಗ್ರಿಗಿಂತ ಕಡಿಮೆಯಿದ್ದರೂ ಬಿ3 ಎಂದು ನಿಯಮದಲ್ಲೇ ಇದೆ. ಓದಿದ್ದೆ, ಹೊಳೆದಿರಲಿಲ್ಲ. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಡ್ರೆಸಿಂಗ್ ಮಾಡಿಸುತ್ತ ಕೇಳಿದೆ. ‘ಜಾಸ್ತಿ ಕಾಣುತ್ತೆ ಅಂದ್ರೆ ಸ್ಕೂಲಿಂದ ತೆಗೀತಾರೆ, ಕಮ್ಮಿ ಕಾಣುತ್ತೆ ಅಂದ್ರೆ ನೀವು ಟೀಮಿಂದ ತೆಗೀತೀರ’ ಅಂದ. ಮಾರನೇ ದಿನ ಎಲ್ಲರೆದುರೇ ಕ್ಷಮೆ ಕೇಳಿದೆ. ಬೈದದ್ದಕ್ಕಿಂತ ಅದಕ್ಕೆ ಹೆಚ್ಚು ಗಂಟಲು ಬೇಕಾಯಿತು.

ಅಲ್ಬಿನಿಸಂ ಇದ್ದ ಹುಡುಗನ ಕಥೆ ಇದಕ್ಕೆ ತಿರುಗಾಮುರುಗಾ. ಅವನಿಗೆ ಮಧ್ಯಾಹ್ನದ ಬಿಸಿಲೇ ಕತ್ತಲು. ಈಗ ಹೊಸಬರು ಬಂದರೆ ‘ಎಷ್ಟು ಕಾಣುತ್ತೆ?’ ಎಂದು ಕೇಳುವುದಿಲ್ಲ. ‘ಯಾವಾಗ ಕಾಣುತ್ತೆ?’ ಎಂದು ಕೇಳುತ್ತೇನೆ.

5. ಗೆರೆ ಮೊದಲು ದಾಟಬೇಕಾದವಳು ಅವಳು

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಪೂರ್ತಿ ಕಾಣದವರ ಓಟದಲ್ಲಿ, ಅಂದರೆ ಟಿ11 ವಿಭಾಗದಲ್ಲಿ, ಓಟಗಾರರು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಾರ್ಗದರ್ಶಕನ ಜೊತೆ ಓಡುತ್ತಾರೆ. ಇಬ್ಬರ ಕೈ ಸೇರಿಸಲು ಒಂದು ಗಿಡ್ಡ ದಾರ. ನಮ್ಮದು ಶೂ ಲೇಸನ್ನು ಮಡಚಿ ಎರಡು ಕುಣಿಕೆ ಹಾಕಿದ್ದು. 400 ಮೀಟರಿನಲ್ಲಿ ಒಂದು ಜೋಡಿಗೆ ಎರಡು ಲೇನ್. ಓಟಗಾರರನ್ನು ಎಳೆಯುವಂತಿಲ್ಲ, ನೂಕುವಂತಿಲ್ಲ. ಗೆರೆಯನ್ನು ಅವರೇ ಮೊದಲು ದಾಟಬೇಕು.

ನಮ್ಮ ಹುಡುಗಿಗೆ ನಾನೇ ಮಾರ್ಗದರ್ಶಕನಾದೆ. ಹಳೆಯ 400 ಮೀಟರ್ ಓಟಗಾರ ತಾನೇ! ಅಭ್ಯಾಸದಲ್ಲಿ ನನ್ನ ಹೆಜ್ಜೆಗೆ ಅವಳನ್ನು ಒಗ್ಗಿಸಲು ಹೊರಟೆ. ಅವಳ ಹೆಜ್ಜೆಗೆ ನಾನು ಒಗ್ಗಬೇಕೆಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಹೇಗೋ ರಾಜ್ಯ ಮಟ್ಟದ ಕೂಟಕ್ಕೆ ಹೋದೆವು. ಕೊನೆಯ ತಿರುವಿನಲ್ಲಿ ಮೂರನೆಯವಳಿದ್ದಳು. ‘ಇನ್ನು ಎಂಬತ್ತು, ನೇರ’ ಎಂದೆ. ಹಾರಿದಳು. ಎರಡನೆಯವಳಾದಳು. ಗೆರೆ ಹತ್ತಿರ ಬಂತು. ಹತ್ತು ವರ್ಷ ಟೇಪಿಗೆ ಎದೆಯೊಡ್ಡಿದ ಮೈ ನನ್ನ ಮಾತು ಕೇಳಲಿಲ್ಲ. ಮುಂದಕ್ಕೆ ಬಾಗಿ ಎದೆ ಚಾಚಿಬಿಟ್ಟೆ. ಅವಳಿಗಿಂತ ಮೊದಲು ನಾನು ದಾಟಿದೆ.

ಅನರ್ಹ. ಅವಳು ಏದುಸಿರು ಬಿಡುತ್ತ, ನಗುತ್ತ, ‘ಎಷ್ಟನೇದು ಸಾರ್?’ ಎಂದು ಕೇಳುತ್ತಿದ್ದಳು. ಅವಳಿಗೆ ಹೇಳಬೇಕಾದವನೂ ನಾನೇ. ವಾಪಸ್ ಬರುವ ಬಸ್ಸಿನಲ್ಲಿ ಆ ಲೇಸನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಮರುವರ್ಷ ಅವಳು 1500 ಮೀಟರಿಗೆ ಬದಲಾದಳು. ಎರಡನೇ ಸುತ್ತಿಗೇ ನನಗೆ ದಮ್ಮು ಹತ್ತುತ್ತಿತ್ತು. ಆದರೂ ದಾರ ಇನ್ನೊಬ್ಬರಿಗೆ ಕೊಡಲು ಮನಸ್ಸಾಗದೆ ಒಂದು ವರ್ಷ ಅವಳಿಗೆ ಬ್ರೇಕಿನಂತೆ ಅಂಟಿಕೊಂಡಿದ್ದೆ. ಚಿಕ್ಕಮಗಳೂರಿನ ರಕ್ಷಿತಾ ರಾಜು 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಇದೇ 1500 ಮೀಟರಿನ ಚಿನ್ನ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಗೆದ್ದರು. ಆಮೇಲೆ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋದರು. ಅವರ ಜೊತೆ ಓಡುವ ರಾಹುಲ್ ಬಾಲಕೃಷ್ಣರ ವಿಡಿಯೊವನ್ನು ನಿಧಾನ ಮಾಡಿ ಎಷ್ಟು ಸಲ ನೋಡಿದ್ದೇನೋ. ನಮ್ಮ ಹುಡುಗಿಯ ದಾರ ಈಗ ಡಿಗ್ರಿ ಓದುವ ಹುಡುಗನ ಕೈಯಲ್ಲಿದೆ. ನಾನು ನೀರಿನ ಬಾಟಲಿ ಹಿಡಿದು ನಿಲ್ಲುತ್ತೇನೆ.

6. ಎಲ್ಲರಿಗೂ ಸ್ಟೀಲ್ ಡಬ್ಬಿ ಹಂಚಿದರೆ ಯಾರೂ ಗೆದ್ದಂತಲ್ಲ

ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ. ಶಾಮಿಯಾನ, ‘ದೇವರ ಮಕ್ಕಳು’ ಎಂಬ ಭಾಷಣ, ಮ್ಯೂಸಿಕಲ್ ಚೇರ್. ಒಮ್ಮೆ ಅದರ ಉಸ್ತುವಾರಿ ನನ್ನದಾಗಿತ್ತು. ಯಾರ ಮನಸ್ಸೂ ನೋಯಬಾರದೆಂದು ಓಡಿದವರಿಗೆಲ್ಲ ಒಂದೊಂದು ಡಬ್ಬಿ ಕೊಡಿಸಿದೆ. ಪುಟ್ಟ ಹುಡುಗಿಯೊಬ್ಬಳು ಡಬ್ಬಿ ಹಿಡಿದು ನನ್ನ ಹಿಂದೆಯೇ ಬಂದಳು: ‘ನಾನು ಎಷ್ಟನೇಯೋಳು ಸಾರ್?’ ನಾವು ಬರೆದಿಟ್ಟುಕೊಂಡಿರಲಿಲ್ಲ. ‘ಎಲ್ಲರೂ ಫಸ್ಟೇ ಪುಟ್ಟಿ’ ಅಂದೆ. ‘ಹಂಗಿದ್ರೆ ಓಡಿದ್ದು ಯಾಕೆ?’ ಅಂದಳು. ಮರುವರ್ಷದಿಂದ ಸ್ಟಾಪ್‌ವಾಚು ಹಿಡಿದೆವು. ಸೋತು ಅಳುವವರು ಹೆಚ್ಚಾದರು. ಬೆಳಗ್ಗೆ ತಾವಾಗಿ ಎದ್ದು ಓಡುವವರೂ.

7. ಕಣ್ಣಿಗೆ ಬಟ್ಟೆ ಕಟ್ಟಿಸಿದರೆ ಬರುವುದು ‘ಪಾಪ’ ಮಾತ್ರ

ಪಕ್ಕದ ಹೈಸ್ಕೂಲಿನ ಹುಡುಗರಿಗೆ ನಮ್ಮವರ ಕಷ್ಟ ತಿಳಿಯಲಿ ಎಂದು ಕರೆಸಿ, ಕಣ್ಣಿಗೆ ಬಟ್ಟೆ ಕಟ್ಟಿಸಿ ಆಡಿಸಿದೆ. ಎಡವಿದರು, ಹೆದರಿದರು, ‘ಪಾಪ, ಹೇಗಿರ್ತಾರೋ’ ಎನ್ನುತ್ತ ಹೋದವರು ಮತ್ತೆ ತಲೆ ಹಾಕಲಿಲ್ಲ. ಅರ್ಧ ಗಂಟೆ ಕತ್ತಲಾದವರಿಗೆ ಕತ್ತಲಷ್ಟೇ ಸಿಗುತ್ತದೆ, ಹದಿನೈದು ವರ್ಷದಲ್ಲಿ ಕಲಿತ ಜಾಣತನ ಸಿಗುವುದಿಲ್ಲ. ಎರಡು ವರ್ಷ ಬಿಟ್ಟು ಬಟ್ಟೆಯಿಲ್ಲದೆ ಕರೆದೆ. ನಮ್ಮ ಬಿ1 ಬೌಲರ್ ಎಸೆದ ಚೆಂಡು ನೆಲಕ್ಕಂಟಿ ಬಂತು, ಕಣ್ಣಿದ್ದವರ ಸ್ಟಂಪು ಒಂದರ ಹಿಂದೊಂದು ಠಣ್. ಹೈಸ್ಕೂಲಿನ ಕ್ಯಾಪ್ಟನ್ ಸಿಟ್ಟಿಗೆದ್ದು ಮುಂದಿನ ಭಾನುವಾರವೂ ಬಂದ. ಈಗವನು ನಮ್ಮ ಸ್ಕೋರರ್.

8. ಅಮ್ಮಂದಿರ ಭಯಕ್ಕೆ ಕಾಯ್ದೆ ಉತ್ತರವಲ್ಲ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕ್ರೀಡೆಗೆಂದೇ 30ನೇ ಕಲಂ ಇದೆ. ಅದನ್ನು ಹಿಡಿದು ಒಬ್ಬ ತಾಯಿಗೆ ಭಾಷಣ ಬಿಗಿದೆ. ‘ಬಿದ್ದು ಹಲ್ಲು ಮುರ್ಕೊಂಡ್ರೆ ಇವಳನ್ನ ಯಾರು ಮಾಡ್ಕೊತಾರೆ ಮೇಷ್ಟ್ರೇ, ನಿಮ್ಮ ಕಾಯ್ದೆನಾ?’ ಅಂದರು. ಉತ್ತರ ಇರಲಿಲ್ಲ. ಆಮೇಲೆ ಮಾತು ನಿಲ್ಲಿಸಿ, ಅಭ್ಯಾಸಕ್ಕೆ ಬಂದು ಕೂರಿ ಎಂದಷ್ಟೇ ಕೇಳಿಕೊಂಡೆ. ಮೂರು ಶನಿವಾರ ಬಂದು ಕೂತರು. 2025ರ ನವೆಂಬರಿನಲ್ಲಿ ಟಿ.ಸಿ. ದೀಪಿಕಾ ನಾಯಕತ್ವದ ಭಾರತ ತಂಡ ಕೊಲಂಬೊದಲ್ಲಿ ನೇಪಾಳವನ್ನು ಸೋಲಿಸಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದಿತು. ಅದೇ ತಾಯಿ ಫೋನ್ ಮಾಡಿ, ‘ಟೀವೀಲಿ ತೋರಿಸ್ತಿರೋದು ನಮ್ಮ ಹುಡುಗಿ ಆಡೋ ಆಟಾನೇ ತಾನೇ?’ ಎಂದು ಕೇಳಿದರು.

9. ಕಪ್ಪಿನಲ್ಲಿ ಅನ್ನ ಬೇಯುವುದಿಲ್ಲ

ನಮ್ಮ ಜಿಲ್ಲೆಗಳ ಕಡೆ ಅಂಧ ಹುಡುಗರಿಗೆಲ್ಲ ಶೇಖರ್ ನಾಯ್ಕ್ ಆಗುವ ಆಸೆ. ಶಿವಮೊಗ್ಗದವರು, 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ, 2017ರಲ್ಲಿ ಪದ್ಮಶ್ರೀ. ಆ ಆಸೆಗೆ ನಾನೂ ಗಾಳಿ ಹಾಕಿದೆ. ನಮ್ಮ ಒಳ್ಳೆಯ ಬ್ಯಾಟ್ಸ್‌ಮನ್‌ನನ್ನು ದ್ವಿತೀಯ ಪಿಯುಸಿ ಪರೀಕ್ಷೆಗೆ ಮೂರು ವಾರವಿರುವಾಗ ಟೂರ್ನಿಗೆ ಕರೆದೊಯ್ದೆ. ನಾವು ಕಪ್ ತಂದೆವು, ಅವನು ಅರ್ಥಶಾಸ್ತ್ರದಲ್ಲಿ ಫೇಲಾದ. ಕಪ್ ಶಾಲೆಯ ಕಪಾಟಿನಲ್ಲಿದೆ. ಕಳೆದುಹೋದ ವರ್ಷ ಅವನದು. ಈಗ ಟೂರ್ನಿಯ ಆಹ್ವಾನ ಬಂದರೆ ಮೊದಲು ಪರೀಕ್ಷೆಯ ವೇಳಾಪಟ್ಟಿ ತೆಗೆಯುತ್ತೇನೆ. ಅವನು ಮರುಪರೀಕ್ಷೆ ಕಟ್ಟಿ ಪಾಸಾದ, ಕಂಪ್ಯೂಟರ್ ಕಲಿಯುತ್ತಿದ್ದಾನೆ. ಕೆಲಸ ಇನ್ನೂ ಸಿಕ್ಕಿಲ್ಲ.

ಕೊನೆಗೆ ಓದುತ್ತಿರುವ ನಿಮಗೊಂದು ಕೋರಿಕೆ. ಬೆಳಗ್ಗೆ ಓಡುವ ಅಭ್ಯಾಸವಿದ್ದರೆ ನಿಮ್ಮೂರಿನ ಅಂಧರ ಶಾಲೆಗೋ ಹಾಸ್ಟೆಲಿಗೋ ಹೋಗಿ, ಜೊತೆಗೆ ಓಡುವವರು ಬೇಕೇ ಎಂದು ಕೇಳಿ. ಬೇಕಿರುತ್ತದೆ. ಒಂದು ಶೂ ಲೇಸ್ ತೆಗೆದುಕೊಂಡು ಹೋಗಿ. ಓಡಲಾಗದವರು ನಮ್ಮ ಪಂದ್ಯ ನೋಡಲು ಬನ್ನಿ. ಚೆಂಡು ಉರುಳುವಾಗ ಮಾತ್ರ ಸುಮ್ಮನಿರಿ, ಮೊಬೈಲ್ ಬಂದ್ ಮಾಡಿಟ್ಟಿರಿ. ಚೆಂಡು ಬೌಂಡರಿ ಮುಟ್ಟಿತೆಂದು ಅಂಪೈರ್ ಕೂಗಿದ ಮೇಲೆ ಎಷ್ಟು ಬೇಕಾದರೂ ಗದ್ದಲ ಮಾಡಿ. ಆಗ ನಾನೂ ಸೀಟಿ ಹೊರತೆಗೆಯುತ್ತೇನೆ.