ಕಿವಿಯ ದೋಷ, ಕಣ್ಣಿನ ಸಾಕ್ಷ್ಯ

ಬೆಳ್ಳೂರಿನಂತಹ ಗಡಿನಾಡಿನ ಊರಿನಲ್ಲಿ ಒಂದೇ ಬಾಧೆಗೆ ಹಲವು ಹೆಸರುಗಳಿವೆ. ಕನ್ನಡದಲ್ಲಿ ‘ತಲೆಸುತ್ತು’, ತುಳುವಿನಲ್ಲಿ ‘ತರೆ ತಿರ್ಗುನಿ’, ಮಲಯಾಳದಲ್ಲಿ ‘ತಲಕರಕ್ಕಂ’. ಮೂರು ಭಾಷೆಗಳೂ ತಿರುಗುವುದು ತಲೆಯೆಂದೇ ಹೇಳುತ್ತವೆ. ಆದರೆ ದೋಷವು ಅನೇಕ ವೇಳೆ ಒಳಕಿವಿಯಲ್ಲಿದ್ದು, ಅದರ ಕುರುಹು ಕಣ್ಣಿನಲ್ಲಿ ಕಾಣಿಸುತ್ತದೆ.

ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ತಲೆಯು ಬಲಕ್ಕೆ ತಿರುಗಿದೊಡನೆ ಅವು ನೀಡುವ ಸೂಚನೆಯಿಂದ ಕಣ್ಣುಗಳು ಎಡಕ್ಕೆ ಸರಿಯುತ್ತವೆ. ಹಾಗಾಗಿ ನೋಟ ಕದಲುವುದಿಲ್ಲ. ಬಾಲ್ಯದಲ್ಲಿ ಅಂಗಳದಲ್ಲಿ ಗಿರಗಿರನೆ ಸುತ್ತಿ ನಿಂತವರಿಗೆಲ್ಲ ತಿಳಿದಿರುವಂತೆ, ದೇಹ ನಿಂತರೂ ಅಂಗಳ ತಿರುಗುತ್ತಲೇ ಇರುತ್ತದೆ. ನಾಳದ ದ್ರವವು ಇನ್ನೂ ಚಲಿಸುತ್ತಿರುವುದೇ ಇದಕ್ಕೆ ಕಾರಣ. ಆಗ ಕಣ್ಣುಗಳು ಒಂದು ಕಡೆಗೆ ಮೆಲ್ಲನೆ ಸರಿದು ಮತ್ತೆ ಥಟ್ಟನೆ ಮರಳುತ್ತವೆ. ಈ ಚಲನೆಗೆ ‘ನಿಸ್ಟಾಗ್ಮಸ್’ ಎಂದು ಹೆಸರು. ನಾವು ‘ಅಕ್ಷಿದೋಲನ’ ಎನ್ನಬಹುದು.

ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ಕಿವಿ ತೊಳೆಯುವಾಗ ತಣ್ಣೀರು ಮತ್ತು ಬಿಸಿನೀರು ಕಣ್ಣುಗಳನ್ನು ವಿರುದ್ಧ ದಿಕ್ಕುಗಳಲ್ಲಿ ಚಲಿಸುವಂತೆ ಮಾಡುವುದನ್ನು ಗಮನಿಸಿದರು. ಅವರ ಸಂಶೋಧನೆಗೆ 1914ರ ನೊಬೆಲ್ ಪುರಸ್ಕಾರ ದೊರೆಯಿತು. ಇಂದಿಗೂ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರನ್ನು ಒಂದೊಂದು ಕಿವಿಗೂ ಬಿಟ್ಟು ಎರಡು ಕಡೆಯ ಪ್ರತಿಕ್ರಿಯೆಯನ್ನು ಹೋಲಿಸುತ್ತಾರೆ. ಕ್ಯಾಮೆರಾ ಅಳವಡಿಸಿದ ಕನ್ನಡಕವು ಕತ್ತಲೆಯಲ್ಲೂ ಕಣ್ಣಿನ ಚಲನೆಯನ್ನು ದಾಖಲಿಸುತ್ತದೆ.

ಯಂತ್ರವಿಲ್ಲದೆ ಮಾಡುವ ಪರೀಕ್ಷೆಯೂ ಇದೆ. ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಕ್ರಮದಲ್ಲಿ ರೋಗಿಯ ತಲೆಯನ್ನು 45 ಡಿಗ್ರಿ ಹೊರಳಿಸಿ, ಮಂಚದ ಅಂಚಿನಿಂದ ತುಸು ಕೆಳಗೆ ಬಾಗುವಂತೆ ಬೇಗನೆ ಮಲಗಿಸುತ್ತಾರೆ. ಕೆಲವು ಕ್ಷಣ ಕಳೆದು ಅಕ್ಷಿದೋಲನ ಆರಂಭವಾಗಿ ನಿಮಿಷದೊಳಗೆ ಅಡಗಿದರೆ, ಒಳಕಿವಿಯ ಸುಣ್ಣದ ಕಣಗಳು ಸ್ಥಾನ ತಪ್ಪಿ ನಾಳ ಸೇರಿವೆಯೆಂದು ಊಹಿಸಬಹುದು. ತಲೆಯನ್ನು ಕ್ರಮವಾಗಿ ಹೊರಳಿಸುವ ಎಪ್ಲಿ ವಿಧಾನದಿಂದ ಅವುಗಳನ್ನು ಹಿಂದಕ್ಕೆ ಕಳುಹಿಸುವುದು ಸಾಧ್ಯ. ಇಂತಹ ರೋಗಿಗೆ ಮಾತ್ರೆಗಿಂತ ಈ ಚಿಕಿತ್ಸೆಯೇ ಹೆಚ್ಚು ಫಲಕಾರಿ.

ಅಡಿಕೆ ತೋಟಗಳ ನಮ್ಮ ಪ್ರದೇಶದಲ್ಲಿ ಇದು ಕೇವಲ ಪಠ್ಯದ ವಿಷಯವಲ್ಲ. ಕತ್ತೆತ್ತಿ ಗೊನೆ ನೋಡಿದೊಡನೆ ತಲೆ ಸುತ್ತುವವರು ಪರೀಕ್ಷೆ ಮಾಡಿಸಿಕೊಳ್ಳದೆ ಮರ ಹತ್ತುವುದು ಪ್ರಾಣಕ್ಕೇ ಅಪಾಯ. ತಲೆಸುತ್ತಿನೊಂದಿಗೆ ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ನಿಲ್ಲಲಾಗದಿದ್ದರೆ ಅದು ಮಿದುಳಿನ ಆಘಾತವಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಭಾಷೆಯ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸುತ್ತಲಿನದು ತಿರುಗಿದಂತಾದರೆ ‘ತಲೆಸುತ್ತು’, ಎದ್ದೊಡನೆ ನೋಟ ಮಸುಕಾದರೆ ‘ಕಣ್ಣುಕತ್ತಲೆ’, ನಡೆಯುವಾಗ ಹೆಜ್ಜೆ ತಪ್ಪಿದರೆ ‘ಓಲಾಟ’ ಎಂದು ಕನ್ನಡವು ಬೇರ್ಪಡಿಸಿ ಹೇಳಬಲ್ಲದು. ಮೂರಕ್ಕೂ ಕಾರಣಗಳು ಬೇರೆಯಿರಬಹುದು. ಪರಭಾಷೆಯ ವೈದ್ಯರ ಮುಂದೆ ಮೂರೂ ಒಂದೇ ಪದವಾಗಿ ಅನುವಾದಗೊಂಡಾಗ ರೋಗದ ಸುಳಿವೇ ತಪ್ಪಿಹೋಗಬಹುದು. ಮನೆಯ ಹಿರಿಯರೊಡನೆ ಆಸ್ಪತ್ರೆಗೆ ಹೋಗುವ ನಾವು, ಅವರ ಮಾತಿನ ಈ ವ್ಯತ್ಯಾಸವನ್ನು ಕಳೆಯದೆ ವೈದ್ಯರಿಗೆ ತಲುಪಿಸೋಣ.